ಕರಿಯವ್ವನ ಮಗಳು

ಹಲಗೇರಿಯ ನಿಜಲಿಂಗಪ್ಪ ತನ್ನ ಬೆಂಡೆ ಹೊಲದ ಬದುವಿನ ಮೇಲೆ ದ್ರಾಕ್ಷಾಯಿಣಿಯ ಕೊರಳಿನ ಶಿವದಾರವನ್ನು ಕತ್ತರಿಯಿಂದ ಕತ್ತರಿಸಿ, ಅವಳ ಇಷ್ಟಲಿಂಗವನ್ನು ತೆಗೆದುಕೊಂಡ. ಅಂದು ಶ್ರಾವಣದ ಎರಡನೇ ಸೋಮವಾರ. ಹೊತ್ತು ಹತ್ತೂವರೆ. ನೋಡಿದವರು ಹದಿನಾಲ್ಕು ಜನ.

ಅವಳು ಆ ಹೊಲದ ಆಳಲ್ಲ. ರಾಣೆಬೆನ್ನೂರಿನ ಒಂದು ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಅವಳ ಕೆಲಸ. ಆಳು ಅವಳ ತಾಯಿ ಕರಿಯವ್ವ. ಇಪ್ಪತ್ತು ವರ್ಷದಿಂದ ನಿಜಲಿಂಗಪ್ಪನ ಹೊಲದಲ್ಲಿ ಕ್ರಾಸಿಂಗ್ ಮಾಡುವಾಕೆ. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗ ತೆಗೆಯುವುದು, ಮರುದಿನ ಬೆಳಿಗ್ಗೆ ಬೇರೆ ಸಾಲಿನ ಹೂವು ತಂದು ಅದಕ್ಕೆ ಮುಟ್ಟಿಸುವುದು, ಮುಟ್ಟಿಸಿದ ಗುರುತಿಗೆ ಕೆಂಪು ದಾರ ಕಟ್ಟುವುದು. ಕರಿಯವ್ವನಿಗೆ ಜ್ವರ ಬಂದಿತ್ತು. ಅರಳಿದ ಹೂವು ಯಾರ ಜ್ವರಕ್ಕೂ ಕಾಯುವುದಿಲ್ಲ. ಹಾಗಾಗಿ ರಜೆ ಹಾಕಿ ಮಗಳು ಬಂದಿದ್ದಳು.

ಬುತ್ತಿ ಬಿಚ್ಚುವ ಮೊದಲು ಅವಳು ಎಲ್ಲರಿಗೂ ಬೆನ್ನು ಮಾಡಿ ಕುಳಿತು, ಕೊರಳಿನ ಬಿಳಿ ವಸ್ತ್ರದ ಗಂಟು ಬಿಚ್ಚಿ, ಲಿಂಗವನ್ನು ಎಡಗೈಯ ಮೇಲೆ ಇಟ್ಟುಕೊಂಡಿದ್ದಳು. ದಿನವೂ ಮಾಡುವಂತೆ. ಅಷ್ಟೇ.

"ಏನದು ಕೈಯಾಗ?"

ತಲೆ ಎತ್ತಿದರೆ ನಿಜಲಿಂಗಪ್ಪ.

"ಲಿಂಗ ರೀ."

"ಯಾರದು?"

"ನಂದು ರೀ."

"ನಿಂದಾ!" ಆತ ನಕ್ಕ. "ಕರಿಯವ್ವನ ಮಗಳಲ್ಲೇನು ನೀ? ಕೇರಿಯಾಕಿಗೆ ಯಾರ ಕೊಟ್ರು ಇದನ್ನ?"

"ಬೀರಲಿಂಗಪ್ಪ ಮಾಸ್ತರು ಕೊಟ್ಟಾರ್ರೀ. ಎರಡು ವರ್ಷ ಆತು."

"ಕುರುಬರ ಮಾಸ್ತರ ಕೊಟ್ಟಾನಂತ, ಈಕಿ ಕಟಗೊಂಡಾಳಂತ! ಅಲ್ಲಾ, ಇದೇನು ಸಂತ್ಯಾಗಿನ ಸರದಂಗ ತಿಳದೀರೇನು?" ಆತ ಹಿಂದಕ್ಕೆ ಕೈ ಚಾಚಿದ. "ಶಂಭ್ಯಾ, ಕತ್ತರಿ ಕೊಡು."

ಹಿಂದೆ ಕೂತು ಕೆಂಪು ದಾರ ಕತ್ತರಿಸುತ್ತಿದ್ದ ಮಗ ಶಂಭುಲಿಂಗ ಕತ್ತರಿ ಕೊಟ್ಟ.

ಒಂದೇ ಸದ್ದು. ಕಚ್!

ದ್ರಾಕ್ಷಾಯಿಣಿ ನಿಜಲಿಂಗಪ್ಪನ ಮುಖ ನೋಡಲಿಲ್ಲ. ಕತ್ತರಿ ಕೊಟ್ಟ ಹುಡುಗನನ್ನು ನೋಡಿದಳು. ಬಾಯಿ ತೆರೆದು ಕೂತಿದ್ದ ಆ ಮುಖ ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು.

ಹದಿನಾಲ್ಕು ಜನರಲ್ಲಿ ಒಬ್ಬರಾದರೂ... ಇಲ್ಲ. ಯಾರೂ ಮಾತಾಡಲಿಲ್ಲ. ಬುತ್ತಿ ಉಂಡರು. ಮತ್ತೆ ಹೂವಿಗೆ ಹೂವು ಮುಟ್ಟಿಸಲು ಎದ್ದು ಹೋದರು.

* * *

ಮೂರು ದಿನ ಬಿಟ್ಟು ಶಂಭುಲಿಂಗ ಲ್ಯಾಬಿನ ಗೇಟಿಗೆ ಬಂದ. ಬೀಜದ ಸ್ಯಾಂಪಲ್ ಚೀಲ ಕೈಯಲ್ಲಿತ್ತು, ನೆಪಕ್ಕೆ.

"ಒಂದ್ ಮಾತು ಹೇಳಬೇಕಿತ್ರಿ."

"ಲಿಂಗ ತಂದೀರೇನು?"

ಆತ ತಲೆ ತಗ್ಗಿಸಿದ.

"ಅಪ್ಪ... ಹೊಳಿಗೆ ಬಿಟ್ಟು ಬಂದಾನ್ರಿ. ತುಂಗಭದ್ರಾಕ್ಕ. ಅವತ್ತ ಸಂಜೀಕೆ."

ದ್ರಾಕ್ಷಾಯಿಣಿ ಗೇಟಿನ ಸರಳು ಹಿಡಿದುಕೊಂಡಳು. ಎಲ್ಲೋ ಒಂದು ಕಪಾಟಿನಲ್ಲಿ ಇದ್ದೀತು, ಯಾರೋ ಒಬ್ಬ ಒಳ್ಳೆಯವರು ತಂದು ಕೊಟ್ಟಾರು ಎಂದು ಮೂರು ದಿನ ಊಟ ಬಿಟ್ಟು ಕಾದಿದ್ದಳು. ಲಿಂಗ ಕೈಗೆ ಬರದೆ ಉಣ್ಣುವುದು ಹೇಗೆ?

"ನನಗ ಗೊತ್ತಿರ್ಲಿಲ್ರಿ... ದಾರ ಕತ್ತರ್ಸಾಕ ಕೇಳ್ತಾನ ಅನ್ಕೊಂಡೆ. ಮುಂಜಾಲಿಂದ ಇಪ್ಪತ್ತು ಸಲ ಕೇಳಿದ್ದ. ದೇವ್ರಾಣಿ!"

"ಯಾವ ದೇವ್ರಾಣಿ ರೀ?" ಅವಳ ದನಿ ಸೀಳಿತು. "ನಿಮ್ಮ ದೇವ್ರೋ, ನನ್ನ ದೇವ್ರೋ? ನಂದು ಹೊಳ್ಯಾಗ ಐತಿ. ಅದರಾಣಿ ಮಾಡ್ರಿ, ನೋಡೂಣು!"

ಆತ ಸ್ಯಾಂಪಲ್ ಚೀಲವನ್ನು ಅಲ್ಲೇ ಮರೆತು ಹೋದ. ಅದರ ಮೊಳಕೆ ಎಣಿಸಬೇಕಾದವಳೂ ಅವಳೇ.

* * *

ಮುಂಜಾನೆ ಮಿಂದು ಬಂದು ಅವಳು ಮೊದಲಿನಂತೆಯೇ ಕೂರುತ್ತಿದ್ದಳು. ಎಡಗೈ ಚಾಚಿ. ಅಂಗೈಯಲ್ಲಿ ಏನೂ ಇಲ್ಲದೆ. ಹಾಗೆ ಕೂತೆದ್ದ ಮೇಲಷ್ಟೇ ಎರಡು ತುತ್ತು ಉಣ್ಣುತ್ತಿದ್ದಳು.

"ಏ ದ್ರಾಕ್ಷಿ, ಕೈಯಾಗ ಮೊಬೈಲೂ ಇಲ್ಲ, ದೇವ್ರೂ ಇಲ್ಲ, ಏನ್ ನೋಡಾಕತ್ತೀ?" ಕರಿಯವ್ವ ಒಲೆಯ ಮುಂದಿನಿಂದ ಕೇಳುತ್ತಿದ್ದಳು. ಕುಟುಕು ಮಾತಿನ ಒಳಗೆ ನೋವಿತ್ತು. "ದುರಗವ್ವಗ ಹರಕಿ ಹೊತ್ತು ನಿನ್ನ ಹಡದೆ. ಬರಿಗಾಲಿಲೆ ಹೋಗಿ ಬಂದೆ ಐದು ವರ್ಷ. ನಮ್ಮವ್ವ ನಿನಗ ಸಾಲಲಿಲ್ಲ. ಅವರ ದೇವ್ರ ಬೆನ್ನು ಹತ್ತಿದಿ. ಏನಾತು? ಅವರ ದೇವ್ರನ್ನ ಅವರು ಕಸಗೊಂಡ್ರು."

"ಅವರ ದೇವ್ರಲ್ಲವ್ವಾ ಅದು..."

"ಮತ್ತ ಯಾರದು?"

ಉತ್ತರ ಎರಡು ವರ್ಷದಿಂದ ಬಾಯಿಪಾಠವಿತ್ತು. ಬೀರಲಿಂಗಪ್ಪ ಮಾಸ್ತರ ಮಾಳಿಗೆಯ ಮೇಲೆ ಪ್ರತಿ ಭಾನುವಾರ ಹತ್ತಾರು ಜನ ಕೂಡಿ ವಚನ ಓದುತ್ತಿದ್ದರು, ಜಗಳಾಡುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಲಿಂಗಕ್ಕೆ ಕುಲವಿಲ್ಲ, ಗುಡಿಯಿಲ್ಲ, ಪೂಜಾರಿಯಿಲ್ಲ, ನಿನ್ನ ಅಂಗೈಯೇ ಸಾಕು ಎಂದು ಅಲ್ಲಿ ಕೇಳಿದ ದಿನ ದ್ರಾಕ್ಷಾಯಿಣಿ ಮನೆಗೆ ಬರುವ ತನಕ ಅತ್ತಿದ್ದಳು. ಗುಡಿಯ ಹೊರಗೆ ನಿಂತೇ ಬೆಳೆದ ಹುಡುಗಿಗೆ ಗುಡಿಯೇ ಬೇಡ ಎಂದರೆ ಹೇಗಾಗಬೇಡ!

ಈಗ ಆ ಉತ್ತರ ಬಾಯಿಗೆ ಬರುತ್ತಿರಲಿಲ್ಲ.

ಮಾಸ್ತರು ಹೇಳಿದರು: "ಅಳಬ್ಯಾಡ ತಂಗಿ. ಇನ್ನೊಂದು ಕೊಡ್ತೇನಿ, ತಗೋ."

ಅವಳು ಬೇಡವೆಂದಳು. ಯಾಕೆಂದು ಮಾಸ್ತರಿಗೆ ಹೇಳಲಿಲ್ಲ. ಹೇಳುವಂಥದ್ದಾಗಿರಲಿಲ್ಲ ಅದು. 'ಇವರು ಕೊಟ್ಟದ್ದು ಖರೇ ಲಿಂಗ ಆಗಿತ್ತೇನು? ಮಠದಿಂದ ಬಂದಿದ್ದರೆ ಆತ ಕತ್ತರಿ ಹಚ್ಚುತ್ತಿದ್ದನೇನು?'

ನಿಜಲಿಂಗಪ್ಪ ದಾರವನ್ನಷ್ಟೇ ಕತ್ತರಿಸಿದ್ದ. ಈ ಯೋಚನೆ ಮಾತ್ರ ದಿನಕ್ಕಿಷ್ಟು ಒಳಗಿನಿಂದ ಕೊರೆಯುತ್ತಿತ್ತು. ಅವಮಾನಕ್ಕಿಂತ ದೊಡ್ಡ ಕಳ್ಳತನ ಇದೇ. ಮಾಡಿದವನಿಗೆ ತಾನೇನು ಕದ್ದೆನೆಂಬುದೂ ಗೊತ್ತಿರುವುದಿಲ್ಲ!

* * *

ಭಾನುವಾರದ ಮಾಳಿಗೆಗೆ ಶಂಭುಲಿಂಗನೂ ಬರತೊಡಗಿದ. ಕೊನೆಯ ಸಾಲಿನಲ್ಲಿ, ಚಪ್ಪಲಿಗಳ ಪಕ್ಕ ಕೂರುತ್ತಿದ್ದ. ಮೊದಲ ಎರಡು ತಿಂಗಳು ಅವಳು ಆತನ ಕಡೆ ನೋಡಲಿಲ್ಲ. ಮೂರನೇ ತಿಂಗಳು ಚಹಾದ ಲೋಟ ಆತನ ಮುಂದೆ ಇಟ್ಟಳು. ಇಟ್ಟದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಒಂದು ಕೇಳ್ತೇನಿ, ಬೈಬ್ಯಾಡ್ರಿ," ಎಂದ ಒಂದು ಸಂಜೆ ಮೆಟ್ಟಿಲ ಮೇಲೆ. "ಹುಟ್ಟಿದ ಎಂಟನೇ ದಿನಕ್ಕ ನನಗ ಲಿಂಗ ಕಟ್ಯಾರಂತ. ಇಪ್ಪತ್ತೇಳು ವರ್ಷ ಆತು. ಜಳಕಾ ಮಾಡೂವಾಗ ಮೊಳಿಗೆ ಹಾಕ್ತೇನಿ, ಆಮ್ಯಾಲೆ ಹಾಕ್ಕೋತೇನಿ. ಒಂದು ದಿನಾನೂ ಕೈಯಾಗ ಇಟ್ಕೊಂಡು ನೋಡಿಲ್ಲ. ನೀವು ಅವತ್ತ ಬದುವಿನ ಮ್ಯಾಲ ನೋಡಾಕತ್ತಿದ್ರಲ್ಲ... ಏನ್ ಕಾಣ್ತಿತ್ರಿ?"

ಅವಳು ತನ್ನ ಖಾಲಿ ಎಡಗೈ ನೋಡಿಕೊಂಡಳು.

"ಕಾಣೂದಿಲ್ರಿ ಏನೂ. ಕಾಣತದ ಅಂತ ಕುಂದ್ರೂದು."

"ಕಾಣದಿದ್ರ?"

"ನಾಳಿಗೆ ಮತ್ತ ಕುಂದ್ರೂದು."

ಆತ ಲಿಂಗವಿದ್ದ ಕೊರಳಿನ ಬೆಳ್ಳಿ ಕರಡಿಗೆಗೆ ಕೈ ಹಾಕಿದ. "ಇದನ್ನ ನೀವು ತಗೋರಿ. ನನಗಿಂತ ನಿಮಗ ಬೇಕಾಗೈತಿ."

"ಹುಚ್ಚರದೀರೇನ್ರಿ!" ಅವಳಿಗೆ ನಗು ಬಂದೇ ಬಿಟ್ಟಿತು, ಎಷ್ಟೋ ತಿಂಗಳ ಮೇಲೆ. "ಒಬ್ಬರದು ಇನ್ನೊಬ್ಬರಿಗೆ ಆಗೂದಿಲ್ರಿ ಅದು. ಚಪ್ಲಿ ಅಲ್ಲ."

"ಚಪ್ಲೀನೂ ಆಗೂದಿಲ್ಲ ಬಿಡ್ರಿ. ನಿಮ್ಮ ಪಾದ ಸಣ್ಣವದಾವು."

"ಪಾದ ನೋಡೀರಿ ಅಂದಂಗಾತು!"

"ಮಾರಿ ನೋಡಾಕ ಧೈರ್ಯ ಇರಲಿಲ್ಲಲ್ರಿ... ಕೊನೀ ಸಾಲಿನ್ಯಾಗ ಕುಂತಾವಗ ಚಪ್ಲಿ, ಪಾದ, ಇಷ್ಟ ಕಾಣೂದು."

ಅಯ್ಯೋ, ಹೃದಯವೇ! ಯಾರ ಕೈ ಕತ್ತರಿ ಕೊಟ್ಟಿತೋ ಆ ಕೈಯನ್ನೇ ಹಿಡಿಯಬೇಕೆಂದು ನಿನಗೆ ಅನ್ನಿಸಬೇಕೆ? ಅಂದು ರಾತ್ರಿ ಅವಳು ತನ್ನನ್ನೇ ಬೈದುಕೊಂಡಳು. ಬೆಳಿಗ್ಗೆ ಖಾಲಿ ಅಂಗೈ ನೋಡುತ್ತ ಕೂತಾಗ ಆತನ ಮುಖ ಕಂಡಿತು. ಇದು ಪಾಪವೋ ಏನೋ ತಿಳಿಯದೆ ಕಣ್ಣು ಮುಚ್ಚಿದಳು. ಮುಚ್ಚಿದರೂ ಕಂಡಿತು.

* * *

ದ್ರಾಕ್ಷಾಯಿಣಿಯನ್ನೇ ಲಗ್ನವಾಗುತ್ತೇನೆಂದ ಮಗನ ಮಾತಿಗೆ ನಿಜಲಿಂಗಪ್ಪ ಎಂಟು ತಿಂಗಳು ಒಪ್ಪಲಿಲ್ಲ. ಮಗ ಮನೆಯಲ್ಲಿ ಉಣ್ಣುವುದು ಬಿಟ್ಟ. ತಾಯಿ ಶಾರದವ್ವ ಹಾಸಿಗೆ ಹಿಡಿದಳು. ಕೊನೆಗೊಂದು ದಿನ ಶಂಭುಲಿಂಗ ಲ್ಯಾಬಿನ ಗೇಟಿಗೆ ಓಡಿಕೊಂಡೇ ಬಂದ.

"ಒಪ್ಪಿದ ಅಪ್ಪ! ಮೋಟೆಬೆನ್ನೂರಾಗ ನಮ್ಮ ಸುರೇಖಾ ಚಿಗವ್ವನ ಮನ್ಯಾಗ ದೀಕ್ಷಾ. ಮಠದಿಂದ ವಿಜಯಮಹಾಂತೇಶ ಅಯ್ಯನವರು ಬರ್ತಾರ. ಲಿಂಗ ಅವರ ಕೈಲೇ ಬರ್ತದ ದ್ರಾಕ್ಷಿ! ಇನ್ನ ಯಾರೂ ಮುಟ್ಟಂಗಿಲ್ಲ ಅದನ್ನ. ಮುಂದಿನ ವಾರ ಲಗ್ನ."

ಲಿಂಗ ಬರುತ್ತದೆ. ಅಯ್ಯನವರ ಕೈಯಿಂದ. ಯಾರೂ ಕತ್ತರಿ ಹಚ್ಚಲಾಗದಂಥದ್ದು.

ಅವಳು ಅತ್ತಳು. ಸಂತೋಷಕ್ಕೆ ಎಂದುಕೊಂಡಳು. ಆತ ಇನ್ನೂ ಏನೋ ಹೇಳಲು ಬಾಯಿ ತೆರೆದು, ಮುಚ್ಚಿದ್ದನ್ನು ಅವಳ ಒದ್ದೆ ಕಣ್ಣು ನೋಡಲಿಲ್ಲ.

ಕರಿಯವ್ವ ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದಳು. "ನಾ ಯಾಕ ಬರ್ಲೆವ್ವಾ ಅಲ್ಲಿಗೆ? ದೊಡ್ಡವರ ಮನಿ," ಎಂದು ಮೂರು ಸಲ ಅಂದಳು. ಅನ್ನುತ್ತಲೇ ಉಟ್ಟಳು.

* * *

ಮೋಟೆಬೆನ್ನೂರಿನಲ್ಲಿ ಬಸ್ಸಿಳಿದಾಗ ಶಂಭುಲಿಂಗ ನಿಲ್ದಾಣದಲ್ಲೇ ನಿಂತಿದ್ದ. ಕರಿಯವ್ವನನ್ನು ನೋಡಿ ಆತನ ಮುಖ ಬಿಳಿಚಿತು.

"ನಿಮ್ಮವ್ವನೂ... ಬಂದಾರ?"

"ಬರದ ಮತ್ತ? ಹಡದಾಕಿ."

"ಅಲ್ಲ... ಹೌದು, ಬರ್ರಿ ಯವ್ವಾ, ಬರ್ರಿ."

ಮನೆಯಲ್ಲಿ ಇಪ್ಪತ್ತು ಮೂವತ್ತು ಜನ. ದ್ರಾಕ್ಷಾಯಿಣಿಯನ್ನು ಯಾರೋ ಕೈಹಿಡಿದು ಪಡಸಾಲೆಗೆ ಒಯ್ದರು. ತಿರುಗಿ ನೋಡಿದರೆ ಕರಿಯವ್ವ ಕಾಣಲಿಲ್ಲ.

ಪಡಸಾಲೆಯ ನಡುವೆ ಕಂಬಳಿ ಹಾಸಿದ್ದರು. ತಾಮ್ರದ ತಟ್ಟೆಯಲ್ಲಿ ವಿಭೂತಿ, ಬಿಲ್ವಪತ್ರೆ, ಪತ್ರೆಯ ಮೇಲೆ ಹೊಸ ಇಷ್ಟಲಿಂಗ. ಕಪ್ಪಗೆ, ನುಣುಪಾಗಿ, ದೀಪದ ಬೆಳಕನ್ನೆಲ್ಲ ನುಂಗಿ ಕೂತಿತ್ತು.

ಅವಳ ಎಡ ಅಂಗೈ ತಾನಾಗಿ ಬಿಚ್ಚಿಕೊಂಡಿತು. ಎಷ್ಟು ದಿನವಾಯಿತು!

ಕಂಬಳಿಯ ಮೇಲೆ ಸುರೇಖಾ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ನಲವತ್ತೈದರ ಹೆಂಗಸು, ಮಕ್ಕಳಿಲ್ಲದಾಕೆ, ಮೃದು ಮುಖ. ಮಡಿಲಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಕುಪ್ಪಸದ ಖಣ. ಪಕ್ಕದಲ್ಲಿ ಗಂಡ.

"ಬಾರವಾ ತಂಗಿ, ನನ್ನ ಉಡಿಯಾಗ ಕುಂದರು," ಎಂದಳು, ಪ್ರೀತಿಯಿಂದಲೇ.

"ಯಾಕ್ರೀ?"

ಅಯ್ಯನವರು ಸಾವಧಾನವಾಗಿ ತಿಳಿಸಿದರು. "ನಮ್ಮ ಪದ್ಧತಿ ಹಂಗೈತಿ ಮಗಳ. ಹೊರಗಿನ ಕನ್ಯಾ ಬಂದ್ರ ನಮ್ಮವರೊಬ್ಬರು ಉಡಿಯಾಗ ತಗೋತಾರ. ಕುಂತು ಮೂರು ಸಲ 'ಅವ್ವಾ' ಅನಬೇಕು. ಇವತ್ತಿಂದ ಇವರ ತಾಯಿ ತಂದಿ. ಲಗ್ನದ ಕಾರ್ಡಿನ್ಯಾಗ ಇವರ ಹೆಸರು, ಧಾರಿ ಎರಿಯೂವರೂ ಇವರ. ಅದಾದ ಮ್ಯಾಲ ಲಿಂಗ."

"ಮತ್ತ ನಮ್ಮವ್ವ?"

ಯಾರೋ ಕೆಮ್ಮಿದರು. ನಿಜಲಿಂಗಪ್ಪ ಗೋಡೆಗೊರಗಿ ಕೂತಲ್ಲಿಂದಲೇ ಅಂದ. "ಲಗ್ನದ ದಿನ ಊಟಕ್ಕ ಬರ್ಲಿ. ಎಲ್ಲಾರೂ ಬರ್ತಾರ. ಯಾರು ಬ್ಯಾಡಂದ್ರು? ತಾಯಿ ಅಂತ ಹೇಳ್ಕೋಬಾರದು, ಇಷ್ಟ."

ದ್ರಾಕ್ಷಾಯಿಣಿ ಶಂಭುಲಿಂಗನ ಕಡೆ ತಿರುಗಿದಳು.

"ನಿಮಗ ಗೊತ್ತಿತ್ತು?"

ಆತ ಹತ್ತಿರ ಬಂದು ಪಿಸುಗುಟ್ಟಿದ. "ಐದು ನಿಮಿಷದ ಕೆಲಸ ದ್ರಾಕ್ಷಿ. ಬಾಯಿಮಾತು. ಕುಂತು ಎದ್ದುಬಿಡು. ಆಮ್ಯಾಲ ನಮ್ಮ ಮನ್ಯಾಗ ನಿಮ್ಮವ್ವನ್ನ ನಾನ ಅವ್ವಾ ಅಂತ ಕರೀತೇನಿ..."

'ಗೊತ್ತಿತ್ತು!'

ತಟ್ಟೆಯಲ್ಲಿ ಲಿಂಗವಿತ್ತು. ಮೂರು ಹೆಜ್ಜೆ ದೂರ. ಮೂರು ಸಲ ಒಂದು ಶಬ್ದ ಅಂದರೆ ಸಾಕು, ಅದು ಅಂಗೈಗೆ ಬರುತ್ತದೆ, ಈ ಹುಡುಗ ಬರುತ್ತಾನೆ, ಇನ್ನು ಜನ್ಮದಲ್ಲಿ ಯಾರೂ ಅವಳನ್ನು 'ಯಾರದು ಇದು' ಎಂದು ಕೇಳುವುದಿಲ್ಲ. ನೀನೇ ಹೇಳು ದೇವರೇ, ಏನು ಮಾಡಲಿ? ಹೊಳೆಯಲ್ಲಿದ್ದೀಯೋ, ತಟ್ಟೆಯಲ್ಲಿದ್ದೀಯೋ? ಒಂದು ಮಾತಾಡಬಾರದೆ?

ದೇವರು ಮಾತಾಡಲಿಲ್ಲ. ಅಡುಗೆಮನೆಯ ಹೆಂಗಸೊಬ್ಬಳು ಮಾತಾಡಿದಳು.

"ಶಾರದಕ್ಕಾ, ಹಿತ್ತಲದಾಗಿನ ಆ ಆಳಿನಾಕಿ ಅವರಿಕಾಯಿ ಬಿಡಿಸಿ ಮುಗಿಸಿದ್ಲು ನೋಡು. ಬಾಂಡೇನೂ ಅಕೀ ಕೈಲೇ ತಿಕ್ಕಿಸಲೇನು?"

ಶಾರದವ್ವ ನೆಲ ನೋಡಿದಳು.

ಹಿತ್ತಲ ಬಾಗಿಲು ತೆರೆದೇ ಇತ್ತು. ಅಲ್ಲಿ, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದೆ ಅವರೆಕಾಳಿನ ಬುಟ್ಟಿ ಇಟ್ಟುಕೊಂಡು, ಕರಿಯವ್ವ ಕೂತಿದ್ದಳು. ಯಾರೋ ಆಳೆಂದು ತಿಳಿದು ಕೆಲಸ ಹಚ್ಚಿದ್ದರು. ಅಲ್ಲ, ನಾನು ಹುಡುಗಿಯ ತಾಯಿ ಎಂದು ಅವಳು ಹೇಳಿರಲಿಲ್ಲ. ಹೇಳಿದರೆ ಮಗಳ ಮಾನ ಹೋದೀತು ಎಂದು!

"ಕುಂದರು ಮಗಳ," ಅಯ್ಯನವರು ಅಂದರು. "ಹೊತ್ತು ಮೀರತದ."

"ಕುಂದ್ರಂಗಿಲ್ರಿ."

"ಏನಂದಿ?"

"ಕುಂದ್ರಂಗಿಲ್ಲ ಅಂದೆ." ಅವಳು ಸುರೇಖಾಳ ಮುಂದೆ ಬಾಗಿ ಕಾಲು ಮುಟ್ಟಿದಳು. "ನಿಮ್ಮ ತಪ್ಪಲ್ರಿ ಯವ್ವಾ. ನನಗ ಉಡಿ ಐತಿ."

* * *

ಹಿತ್ತಲಲ್ಲಿ ಅವಳು ತಾಯಿಯ ಪಕ್ಕ ನೆಲಕ್ಕೆ ಕೂತಳು.

"ಏಳಽ! ಹೊಸ ಸೀರಿ ಹೊಲಸಾಗತದ!" ಕರಿಯವ್ವ ಹೌಹಾರಿದಳು. "ಒಳಗ ಹೋಗು. ನನಗ ಎಲ್ಲಾ ಕೇಳಿಸೇತಿ. ಇಪ್ಪತ್ನಾಕು ವರ್ಷ ನನ್ನ ಉಡಿಯಾಗ ಕುಂತೀ, ಸಾಕು. ಐದು ನಿಮಿಷ ಅಕೀ ಉಡಿಯಾಗ ಕುಂತ್ರ ನಾ ಏನ್ ಸಾಯ್ತೇನೇನು? ಹೋಗು, ನಿನ್ನ ದೇವ್ರು ನಿನಗ ಸಿಗತಾನ."

"ಬೇಕವ್ವಾ ಆ ದೇವ್ರು. ಇನ್ನೂ ಬೇಕು... ಅದಕ್ಕ ಅಳು ಬರಾಕತ್ತೇತಿ."

ಅವಳು ತಾಯಿಯ ಮಡಿಲಿಗೆ ತಲೆ ಇಟ್ಟಳು. ಅವರೆಕಾಯಿ ಸೊನೆಯ ವಾಸನೆ. ಎಲ್ಲ ಮುಗಿಯಿತು ಎನ್ನಿಸಿತು. ಲಿಂಗವೂ ಇಲ್ಲ, ಪ್ರೀತಿಯೂ ಇಲ್ಲ. ನಾಳೆಯಿಂದ ಅವ್ವನಿಗೆ ಆ ಹೊಲದ ಕೆಲಸವೂ ಇಲ್ಲ. ಖಾಲಿ ಅಂಗೈಯ ಮುಂದೆ ಕೂರುವ ಶಕ್ತಿಯೂ ಇನ್ನು ಇಲ್ಲ.

ಯಾರೋ ಬಂದು ಎದುರಿಗೆ ಮಣ್ಣಿನ ಮೇಲೆ ಕೂತರು. ಶಂಭುಲಿಂಗ.

"ಸಣ್ಣ ಸಾವ್ಕಾರ್ರ, ಏಳ್ರಿ! ಕೆಳಗ ಕುಂದರಬ್ಯಾಡ್ರಿ!" ಕರಿಯವ್ವ ಗಾಬರಿಯಾದಳು.

ಆತ ಏಳಲಿಲ್ಲ. "ನನಗ ಗೊತ್ತಿತ್ತು ದ್ರಾಕ್ಷಿ. ಹೇಳಿದ್ರ ನೀ ಬರೂದಿಲ್ಲ ಅನ್ನೂದೂ ಗೊತ್ತಿತ್ತು. ಅದಕ್ಕ ಹೇಳ್ಲಿಲ್ಲ."

"ಅಂದ್ರ ನನ್ನ ಪೂರಾ ತಿಳಕೊಂಡಿದ್ರಿ," ಅವಳು ತಲೆ ಎತ್ತದೆ ಅಂದಳು. "ತಿಳಕೊಂಡೂ ಇಷ್ಟು ಮಾಡಿದ್ರಿ."

"ಹೌದು."

"ಹೌದಂತ! ನಾಚ್ಕಿ ಇಲ್ಲೇನ್ರಿ ಒಪ್ಕೊಳ್ಳಾಕ?"

"ಐತಿ. ಅಪ್ಪ ಕೇಳಿದ್ದು ಕೊಡೂದು, ಹೇಳಿದ್ದು ಮಾಡೂದು, ಇದ ರೂಢಿ ನನಗ. ನೀ 'ಕುಂದ್ರಂಗಿಲ್ಲ' ಅಂದೆಲ್ಲ, ಹಂಗೂ ಅನಬಹುದು ಅಂತ ಇವತ್ತ ಗೊತ್ತಾತು ನೋಡು." ಆತ ಕರಿಯವ್ವನ ಕಡೆ ತಿರುಗಿದ. "ಯವ್ವಾ... ಮನಿ ಇಲ್ಲ ನನಗ ಇವತ್ತಿಂದ. ಹೊಲ ಇಲ್ಲ. ಮಠದವರು ಇನ್ನ ನನ್ನ ಮಾರಿ ನೋಡೂದಿಲ್ಲ. ನಿಮ್ಮ ಮಗಳನ್ನ ನಿಮ್ಮ ಕೈಲೇ ನನಗ ಕೊಡ್ತೀರೇನು? ಇಲ್ಲ ಅಂದ್ರ ಇಲ್ಲ. ನಿಮ್ಮನ್ನ ಕೇಳಾಕ ಬಂದೇನಿ."

ಕರಿಯವ್ವ ಬೆರಗಾಗಿ ನೋಡಿದಳು. "ನನ್ನನ್ನ ಕೇಳ್ತೀರಾ?"

ಇಪ್ಪತ್ತು ವರ್ಷದಲ್ಲಿ ಆ ಮನೆಯವರು ಅವಳನ್ನು ಕರೆದಿದ್ದರು, ಬೈದಿದ್ದರು, ಕಳಿಸಿದ್ದರು. ಕೇಳಿರಲಿಲ್ಲ.

"ದ್ರಾಕ್ಷಿ... ನೀ ಏನಂತಿ?" ಆತ ಅವಳ ಕಡೆ ನೋಡಿದ.

"ನಿಮ್ಮ ಮ್ಯಾಲ ಸಿಟ್ಟು ಹೋಗಿಲ್ಲ."

"ಗೊತ್ತೈತಿ."

"ಲಗೂ ಹೋಗೂದೂ ಇಲ್ಲ."

"ಇರ್ಲಿ. ನಾಳಿಗೆ ಮತ್ತ ಕುಂದ್ರತೇನಿ."

ಅವಳು ಕಣ್ಣೊರೆಸಿಕೊಳ್ಳದೆಯೇ ಆತನನ್ನು ನೋಡಿದಳು. ಈ ಸಲ ಆತ ತಲೆ ತಗ್ಗಿಸಲಿಲ್ಲ.

ಹಿತ್ತಲ ಬಾಗಿಲಲ್ಲಿ ನೆರಳು ಬಿತ್ತು. ನಿಜಲಿಂಗಪ್ಪ.

"ಶಂಭ್ಯಾ, ಎದ್ದು ಒಳಗ ಬಾ."

ಆತ ಏಳಲಿಲ್ಲ. ನಿಜಲಿಂಗಪ್ಪ ಮತ್ತೊಮ್ಮೆ ಕರೆದ. ಆಗಲೂ ಏಳಲಿಲ್ಲ. ಆಗ ನಿಜಲಿಂಗಪ್ಪ ತನಗೆ ಸುಲಭವಾದವಳ ಕಡೆ, ಯಾವತ್ತೂ 'ಹೂಂ ರೀ' ಎಂದೇ ಗೊತ್ತಿದ್ದವಳ ಕಡೆ ತಿರುಗಿದ.

"ಏ ಕರಿಯವ್ವ, ನಿನ್ನ ಮಗಳಿಗೆ ನಾಕು ಬುದ್ಧಿ ಮಾತು ಹೇಳಿ ಒಳಗ ಕಳಸು. ನೀ ಬಸ್ ಹತ್ತು. ನಡಿ."

ಕರಿಯವ್ವ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಮಡಿಲಲ್ಲಿ ಮಗಳ ತಲೆ ಇತ್ತು. ಅವಳು ಎದ್ದು ನಿಲ್ಲಲಿಲ್ಲ. ಸಾಹುಕಾರರು ಎದುರಿಗಿದ್ದಾಗ ಕೂತೇ ಮಾತಾಡಿದ್ದು ಜೀವಮಾನದಲ್ಲಿ ಇದೇ ಮೊದಲು.

"ಹೇಳಂಗಿಲ್ರಿ," ಎಂದಳು.